ಫಿನ್ಲೆಂಡಿನ ಗಾಳಿಪೆಟ್ಟಿಗೆ ಮತ್ತು ದೊಡ್ಡಮ್ಮನ ಟವಲ್ಲು

ಅಲ್ಲಾಳಸಂದ್ರ, ಹೊರಡುವ ಮುನ್ನಾದಿನ

ವಿದೇಶಕ್ಕೆ ಹೋಗಿಬಂದವರು ಗೋಪುರ, ಸೇತುವೆ, ಹಿಮದ ಬೆಟ್ಟದ ಮುಂದೆ ನಿಂತು ತೆಗೆಸಿಕೊಂಡ ಫೋಟೋ ತೋರಿಸುತ್ತಾರೆ. ನನ್ನ ಫೋನಿನಲ್ಲಿರುವುದು ಒಬ್ಬ ಹೆಂಗಸಿನ ಬಟ್ಟೆ ಒಗೆಯುವ ಕೋಣೆ, ಆ ಕೋಣೆಯ ಗೋಡೆಯಲ್ಲಿ ಒಂದು ತಗಡಿನ ಪೆಟ್ಟಿಗೆ, ಆ ಪೆಟ್ಟಿಗೆಯ ಒಳಗು, ಹೊರಗು, ಅಡಿ ಮತ್ತು ಪಕ್ಕ. ನನ್ನ ಹೆಂಡತಿ ಎಲ್ಲವನ್ನೂ ಸಮಾಧಾನವಾಗಿ ನೋಡಿ, "ಇದುನ್ನ ನೋಡಕ್ಕಾ ಅಷ್ಟು ದೂರ ಹೋಗಿದ್ದು?" ಎಂದಳು. ಹೌದು, ಇದನ್ನು ನೋಡುವುದಕ್ಕೇ ಹೋಗಿದ್ದು.

ನಾನು ಮುನಿಕೃಷ್ಣ. ಬ್ಯಾಟರಾಯನಪುರದಲ್ಲಿ ಎ.ಸಿ. ಮತ್ತು ಫ್ರಿಜ್ಜು ರಿಪೇರಿ ಅಂಗಡಿ ಇಟ್ಟುಕೊಂಡವನು. ನಾಗರಾಜಣ್ಣ ನನ್ನ ದೊಡ್ಡಪ್ಪನ ಮಗ. ಅಲ್ಲಾಳಸಂದ್ರದ ಕೆರೆಯ ಆಚೆ ನಮ್ಮ ಎರಡೂ ಮನೆಗಳಿಗೆ ಜಮೀನಿತ್ತು. ನಮ್ಮಪ್ಪ ತನ್ನ ಪಾಲನ್ನು ಅವಸರದಲ್ಲಿ ಮಾರಿಕೊಂಡ, ದೊಡ್ಡಪ್ಪ ಮಾರಲಿಲ್ಲ. ಹೀಗಾಗಿ ಇವತ್ತು ನಾಗರಾಜಣ್ಣ ಅಪಾರ್ಟ್‌ಮೆಂಟು ಕಟ್ಟುತ್ತಾನೆ, ನಾನು ಅದರ ಎ.ಸಿ. ತೊಳೆಯುತ್ತೇನೆ. ನನಗೆ ಇದರಿಂದ ಸ್ವಲ್ಪವೂ ಹೊಟ್ಟೆಕಿಚ್ಚಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ್ದೇನೆ.

ಈ ಸಲ ಕೆರೆಯ ಪಕ್ಕದಲ್ಲಿ ಕಟ್ಟಿದ ಅಪಾರ್ಟ್‌ಮೆಂಟಿನಲ್ಲಿ ಅವನು ಮನೆಗೊಂದರಂತೆ ಫಿನ್ಲೆಂಡಿನ ಗಾಳಿಪೆಟ್ಟಿಗೆ ಹಾಕಿಸಿದ. ಯಾವುದೋ ಎಕ್ಸಿಬಿಷನ್ನಿನಲ್ಲಿ ನೋಡಿ ಮರುಳಾಗಿ ಬಂದಿದ್ದ.

"ನೋಡೋ ಮುನಿ, ಕಿಟ್ಕಿ ತೆಗುದ್ರೆ ಈ ಕಡೆಯಿಂದ ಸೊಳ್ಳೆ, ಆ ಕಡೆಯಿಂದ ಬಳ್ಳಾರಿ ರೋಡ್ ಧೂಳು. ಹಾಕುದ್ರೆ ಉಸಿರು ಕಟ್ತದೆ. ಈ ಬಾಕ್ಸ್ ಇದ್ರೆ ಕಿಟ್ಕಿ ಹಾಕ್ಕೊಂಡೇ ಇರ್ಬೋದು. ಕೆಟ್ಟ ಗಾಳಿ ಆಚೆ, ಒಳ್ಳೆ ಗಾಳಿ ಒಳಗೆ. ಎ.ಸಿ. ತಂಪೂ ವೇಸ್ಟ್ ಆಗಲ್ಲ."

ಪೆಟ್ಟಿಗೆಯ ಗುಟ್ಟು ಸರಳ. ಹೊರಗೆ ಹೋಗುವ ಗಾಳಿಯೂ ಒಳಗೆ ಬರುವ ಗಾಳಿಯೂ ತೆಳ್ಳನೆಯ ತಗಡಿನ ಪದರಗಳ ಅಕ್ಕಪಕ್ಕದಲ್ಲೇ ಹಾದುಹೋಗುತ್ತವೆ. ಎರಡೂ ಬೆರೆಯುವುದಿಲ್ಲ, ಕಾವು ಮಾತ್ರ ಆಚೆಯಿಂದ ಈಚೆಗೆ ದಾಟುತ್ತದೆ. ವಠಾರದಲ್ಲಿ ಒಂದೇ ಗೋಡೆಯ ಎರಡು ಮನೆಗಳಿದ್ದ ಹಾಗೆ. ಅವರ ಒಲೆಯ ಬಿಸಿ ನಮ್ಮ ಗೋಡೆಗೆ ಬರುತ್ತದೆ, ಅವರ ಸಾರು ಬರುವುದಿಲ್ಲ. ಚಳಿಯ ದೇಶದಲ್ಲಿ ಅದು ಮನೆಯ ಬಿಸಿಯನ್ನು ಉಳಿಸುತ್ತದೆ, ನಮ್ಮಲ್ಲಿ ತಂಪನ್ನು.

ತೊಡಕು ಇದ್ದದ್ದು ಸರ್ವಿಸ್ಸಿನಲ್ಲಿ. ಆರು ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಬಿಚ್ಚಿ ತೊಳೆಯಬೇಕು, ಮತ್ತು ಕಂಪನಿಯ ಸರ್ಟಿಫಿಕೇಟು ಇದ್ದವನೇ ತೊಳೆಯಬೇಕು. ಇಲ್ಲದಿದ್ದರೆ ಗ್ಯಾರಂಟಿ ಹೋಯಿತು. ವೈಟ್‌ಫೀಲ್ಡಿನ ಒಂದು ಪಾರ್ಟಿಯ ಹತ್ತಿರ ಆ ಸರ್ಟಿಫಿಕೇಟು ಮೊದಲೇ ಇತ್ತು. ನಾನು ನಾಗರಾಜಣ್ಣನ ಮುಂದೆ ಎದೆ ತಟ್ಟಿಕೊಂಡು, ಇಪ್ಪತ್ತು ವರ್ಷದಿಂದ ಗಾಳಿಯ ಕೆಲಸವನ್ನೇ ಮಾಡುತ್ತಿದ್ದೇನೆ, ನನಗೆ ಬರದ್ದು ಅವರಿಗೇನು ಬರುತ್ತದೆ ಎಂದೆ.

"ಆಯ್ತು, ಹೋಗ್ಬಾ. ಟ್ರೇನಿಂಗ್‌ಗೆ ನಾನೇ ಕಳಿಸ್ತೀನಿ. ಸರ್ಟಿಫಿಕೇಟ್ ತಂದ್ರೆ ಇಡೀ ಬಿಲ್ಡಿಂಗ್ ನಿಂದು. ಇಲ್ಲ ಅಂದ್ರೆ ವೈಟ್‌ಫೀಲ್ಡ್‌ನೋರಿಗೆ. ಆಮೇಲೆ ಮುಖ ಊದಿಸ್ಕೋಬೇಡ" ಎಂದ ನಾಗರಾಜಣ್ಣ.

ಹೊರಡುವ ಮುನ್ನಾದಿನ ದೊಡ್ಡಮ್ಮನಿಗೆ ನಮಸ್ಕಾರ ಮಾಡಲು ಹೋದೆ. ನಾಗರಾಜಣ್ಣನ ತಾಯಿ. ಅದೇ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ ಇದ್ದಾಳೆ. ಅಬ್ಬಿಗೆರೆಯಿಂದ ಸೊಸೆಯಾಗಿ ಬಂದವಳು, ಮಾತು ಈಗಲೂ ಅಬ್ಬಿಗೆರೆಯದೇ. ದೊಡ್ಡಮ್ಮನ ಪ್ರಕಾರ ಲೋಕದ ಕಾಯಿಲೆಗಳೆಲ್ಲ ತಲೆಗೆ ಗಾಳಿ ಬಡಿಯುವುದರಿಂದ ಬರುತ್ತವೆ. ಕೀಲುನೋವೂ ಅದರಿಂದಲೇ.

"ಅಲ್ಲಿ ಚಳಿಗಾಳಿ ತಲೆಗ್ ಒಡೀತದಂತೆ ಕಣೋ. ಮಂಕಿ ಟೋಪಿ ಇಟ್ಕೊಂಡಿದ್ದೀಯಾ?"

ಇಟ್ಟುಕೊಂಡಿರಲಿಲ್ಲ. ಬ್ಯಾಟರಾಯನಪುರದಲ್ಲಿ ಮಂಕಿ ಟೋಪಿ ಹಾಕಿಕೊಂಡು ಸ್ಕೂಟರ್ ಓಡಿಸುವ ನನಗೆ ಯುರೋಪಿನಲ್ಲಿ ಅದನ್ನು ಹಾಕಿಕೊಂಡರೆ ದೇಶದ ಮರ್ಯಾದೆ ಹೋಗುತ್ತದೆ ಎನ್ನಿಸಿತ್ತು. ದೊಡ್ಡಮ್ಮ ಬೀರು ತೆಗೆದು ಒಂದು ಜೊತೆ ಹೊಸ ಕೆಂಪು ಚೌಕಳಿ ಟವಲ್ಲು ಹೊರಗಿಟ್ಟಳು. ಒಂದನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ವಾಪಸ್ಸು ಬೀರುವಿನೊಳಗಿಟ್ಟಳು.

"ಮನೀಕೊಳ್ಳೋವಾಗ ಇದುನ್ನ ತಲೆಗ್ ಸುತ್ಕೊ. ಗಾಳಿ ಬರೋ ಕಡೆ ತಲೆ ಆಕ್ಬ್ಯಾಡ."

ಹೆಲ್ಮಿಯವರ ಮನೆ, ಮೊದಲ ದಿನ

ಫಿನ್ಲೆಂಡಿನ ನಡುಭಾಗದ ಒಂದು ಸಣ್ಣ ಊರು. ಟ್ರೇನಿಂಗಿಗೆ ಬಂದವರನ್ನು ಕಂಪನಿಯವರು ಹೋಟೆಲಿನಲ್ಲಿ ಇಡುವುದಿಲ್ಲ, ಅದೇ ಪೆಟ್ಟಿಗೆ ಇರುವ ಮನೆಗಳಲ್ಲಿ ಇಡುತ್ತಾರೆ. ಪೆಟ್ಟಿಗೆಯ ಜೊತೆಗೇ ಬದುಕಿ ಕಲಿಯಲಿ ಎಂದು. ನನಗೆ ಸಿಕ್ಕಿದ್ದು ಹೆಲ್ಮಿ ಎಂಬವರ ಮನೆ. ಎಪ್ಪತ್ತು ದಾಟಿದ ಹೆಂಗಸು, ಒಬ್ಬರೇ ಇರುತ್ತಾರೆ, ಬೆನ್ನು ನೆಟ್ಟಗೆ. ಹಿಂದೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿದವರಂತೆ. ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಅಳತೆಯವಾಗಿದ್ದರಿಂದ ಮಾತು ಸಲೀಸಾಗಿ ನಡೆಯಿತು.

ಬಾಗಿಲಲ್ಲೇ ಚಪ್ಪಲಿ ಬಿಡಬೇಕು ಎಂದಾಗ ಅರ್ಧ ಹೆದರಿಕೆ ಕಳೆಯಿತು. ಇವರೂ ನಮ್ಮ ಥರದವರೇ. ಉಳಿದ ಅರ್ಧ ಐದೇ ನಿಮಿಷದಲ್ಲಿ ಹಿಂತಿರುಗಿತು. ನಾನು ಏನೋ ಕೇಳಿದ್ದಕ್ಕೆ ಹೆಲ್ಮಿಯವರು ಇದ್ದಕ್ಕಿದ್ದಂತೆ ಉಸಿರನ್ನು ಒಳಗೆಳೆದುಕೊಂಡು "ಯೋ" ಎಂದರು. ಎದೆನೋವೇನೋ ಎಂದು ಕುರ್ಚಿ ಎಳೆದು ಕೊಟ್ಟೆ. ಅವರು ಕುರ್ಚಿಯನ್ನೂ ನನ್ನನ್ನೂ ನೋಡಿದರು. ಆಮೇಲೆ ತಿಳಿಯಿತು, ಆ ದೇಶದಲ್ಲಿ ಬಹಳ ಜನ ಹೌದು ಎನ್ನುವುದೇ ಹಾಗೆ. ನಾವು ಉಸಿರು ಬಿಟ್ಟು ಮಾತಾಡುತ್ತೇವೆ, ಅವರು ಎಳೆದುಕೊಂಡೂ ಮಾತಾಡಬಲ್ಲರು.

ಮನೆ ಚಿಕ್ಕದು, ಬೆಚ್ಚಗಿತ್ತು, ಸ್ವಲ್ಪವೂ ಸದ್ದಿಲ್ಲದ್ದು. ನಡುಮನೆಯಲ್ಲಿ ಆಳೆತ್ತರದ ಕಲ್ಲಿನ ಒಲೆ, ಅದರ ಹೊಟ್ಟೆಯಲ್ಲೇ ಬ್ರೆಡ್ಡು ಸುಡುವ ಗೂಡು. ಕಿಟಕಿಗೆ ಮೂರು ಪದರ ಗಾಜು. ನಾನು ಅಭ್ಯಾಸಬಲದಿಂದ ಕಿಟಕಿ ತೆಗೆಯಲು ಹೋದೆ. ಚಿಲಕವೇ ಇರಲಿಲ್ಲ. ನಮ್ಮಲ್ಲಿ ಬೆಳಿಗ್ಗೆ ಎದ್ದ ತಕ್ಷಣ ಕಿಟಕಿ ತೆಗೆದು, ಸಂಜೆ ಆರಕ್ಕೆ ಸೊಳ್ಳೆಗೆ ಹೆದರಿ ಹಾಕದಿದ್ದರೆ ಅದು ಮನೆಯೇ ಅಲ್ಲ. ಇಲ್ಲಿ ವರ್ಷಗಟ್ಟಲೆ ಕಿಟಕಿ ತೆಗೆಯದೆ ಜನ ಆರೋಗ್ಯವಾಗಿದ್ದಾರೆ. ಉಸಿರಾಟವೆಲ್ಲ ಪೆಟ್ಟಿಗೆಯ ಜವಾಬ್ದಾರಿ.

ನನ್ನ ಕೋಣೆಯ ಚಾವಣಿಯಲ್ಲಿ, ಸರಿಯಾಗಿ ದಿಂಬಿನ ಮೇಲೆ, ಕಾಫಿ ಸಾಸರಿನಷ್ಟು ಅಗಲದ ಒಂದು ಬಿಳಿ ಗಾಳಿಬಾಯಿ ಇತ್ತು. ಅದರ ಸಂದಿನಿಂದ ತಣ್ಣನೆಯ ಗಾಳಿ ನಿಧಾನವಾಗಿ ಇಳಿಯುತ್ತಿತ್ತು. ಚಳಿ ಎನ್ನುವಷ್ಟೇನಲ್ಲ. ಆದರೆ ಇಳಿಯುತ್ತಿದ್ದದ್ದು ನೆತ್ತಿಯ ಮೇಲೆ. ಮಂಚವನ್ನು ತಳ್ಳಿ ನೋಡಿದೆ, ಗೋಡೆಗೆ ಕೂರಿಸಿದ್ದರು. ತಲೆ ಕಾಲು ಬದಲಿಸಿ ಮಲಗೋಣವೆಂದರೆ ಕಾಲ ಕಡೆ ಉತ್ತರ ದಿಕ್ಕು. ಟವಲ್ಲು ತಲೆಗೆ ಸುತ್ತಿಕೊಂಡೆ, ಅದು ಹೊಸ ಟವಲ್ಲಿನ ಗಂಜಿಯ ಬಿಗುವಿಗೆ ನಿಲ್ಲದೆ ಬಿಚ್ಚಿಕೊಂಡಿತು. ಕೊನೆಗೆ ಮಂಚದ ಮೇಲೆ ನಿಂತು, ಟವಲ್ಲನ್ನು ಉದ್ದಕ್ಕೆ ಮಡಚಿ, ಹಲ್ಲುಜ್ಜುವ ಬ್ರಷ್ಷಿನ ಹಿಡಿಯಿಂದ ಆ ಸಂದಿನೊಳಕ್ಕೆ ಸುತ್ತಲೂ ತುರುಕಿದೆ. ಗಾಳಿ ನಿಂತಿತು. ಇಪ್ಪತ್ತು ವರ್ಷ ಗಾಳಿಯ ಕೆಲಸ ಮಾಡಿದವನ ಕೈ ಅದು, ಅಚ್ಚುಕಟ್ಟಾಗಿತ್ತು. ಸುಖವಾಗಿ ನಿದ್ದೆ ಮಾಡಿದೆ.

ಎರಡನೆಯ ದಿನ, ಹೊಗೆ

ತರಗತಿಯಲ್ಲಿ ನಾವು ನಾಲ್ವರು. ಪೋಲೆಂಡಿನ ಇಬ್ಬರು, ಎಸ್ಟೋನಿಯಾದ ಒಬ್ಬರು, ಬ್ಯಾಟರಾಯನಪುರದ ಒಬ್ಬರು. ಕಲಿಸುವವರು ತಿಮೊ, ನನಗಿಂತ ಸ್ವಲ್ಪ ಚಿಕ್ಕವರು, ಸೊಂಟಕ್ಕೆ ಯಾವಾಗಲೂ ಅಳತೆ ಟೇಪು. ಮೊದಲ ದಿನದ ಪಾಠವೆಲ್ಲ ಪೆಟ್ಟಿಗೆ ಬಿಚ್ಚುವುದು, ಕಟ್ಟುವುದು. ನನ್ನ ಕೈ ಎಲ್ಲರಿಗಿಂತ ಚುರುಕಾಗಿತ್ತು. ತಿಮೊ ಎರಡು ಸಲ "ಯೋ" ಎಂದರು. ಅಷ್ಟು ಉಸಿರನ್ನು ಅವರು ಬೇರೆ ಯಾರಿಗೂ ಖರ್ಚು ಮಾಡಲಿಲ್ಲ.

ಸಂಜೆ ಮನೆಗೆ ಬಂದರೆ ಮುಂಬಾಗಿಲು ಹಾರುಹೊಡೆದಿತ್ತು. ಹೊರಗೆ ಮೊಣಕಾಲುದ್ದ ಹಿಮ. ಹೆಲ್ಮಿಯವರು ಕೋಟು ಹಾಕಿಕೊಂಡು ನಡುಮನೆಯಲ್ಲಿ ನಿಂತು ಕೈಬೀಸಣಿಗೆಯ ಹಾಗೆ ಒಂದು ರಟ್ಟಿನಿಂದ ಹೊಗೆಯನ್ನು ಬಾಗಿಲ ಕಡೆ ಅಟ್ಟುತ್ತಿದ್ದರು. ಕಣ್ಣು ಕೆಂಪಾಗಿತ್ತು.

"ಒಲೆ ಹಚ್ಚಿದೆ. ಹೊಗೆ ಮೇಲೆ ಹೋಗುವ ಬದಲು ಒಳಗೆ ಬಂತು. ಈ ಮನೆಯಲ್ಲಿ ಯಾವತ್ತೂ ಹೀಗಾಗಿಲ್ಲ" ಎಂದರು.

ಮೇಜಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದ ದೊಡ್ಡ ಹಿಟ್ಟಿನ ಮುದ್ದೆ. ರೈ ಧಾನ್ಯದ ಹಿಟ್ಟು. ಬಣ್ಣ ನಮ್ಮ ರಾಗಿ ಹಿಟ್ಟಿನದೇ. ಪ್ರತಿ ವಾರ ಆ ಒಲೆಯಲ್ಲಿ ಬ್ರೆಡ್ಡು ಸುಟ್ಟು, ವೃದ್ಧಾಶ್ರಮದಲ್ಲಿರುವ ಅಕ್ಕನಿಗೆ ಒಯ್ಯುತ್ತಾರಂತೆ. ಅಕ್ಕನಿಗೆ ಈಗ ಹೆಚ್ಚಿಗೇನೂ ನೆನಪಿಲ್ಲ. ಆ ಬ್ರೆಡ್ಡಿನ ವಾಸನೆ ಬಂದರೆ ಮಾತ್ರ ತಂಗಿಯನ್ನು ಹೆಸರು ಹಿಡಿದು ಕರೆಯುತ್ತಾಳಂತೆ. ಅಂಗಡಿಯ ಬ್ರೆಡ್ಡಿಗೆ ಕರೆಯುವುದಿಲ್ಲ. ಇದನ್ನು ಹೆಲ್ಮಿಯವರು ಗ್ಯಾಸು ಮುಗಿದಿದೆ ಎನ್ನುವಷ್ಟೇ ಸಾದಾ ದನಿಯಲ್ಲಿ ಹೇಳಿದರು.

ನಾನು ಅವರನ್ನು ಸಮಾಧಾನ ಮಾಡಿದೆ. ಹೆದರಬೇಡಿ, ನಾನಿದ್ದೇನೆ, ಇದು ಫಿಲ್ಟರಿನ ಕೊಳೆ ಎಂದೆ. ಬೆಂಗಳೂರಿನಲ್ಲಿ ಯಾವ ದೂರು ಬಂದರೂ ಮೊದಲು ಹೇಳುವ ಮಾತು ಇದು. ಬಹಳ ಸಲ ನಿಜವೂ ಆಗಿರುತ್ತದೆ. ಅವರು ಕೃತಜ್ಞತೆಯಿಂದ ನನಗೆ ಕಾಫಿ ಕೊಟ್ಟರು. ಕುಡಿದು, ಗಾಳಿ ಬಾರದ ನನ್ನ ಕೋಣೆಗೆ ಹೋಗಿ ಮಲಗಿದೆ. ಬೆಳಿಗ್ಗೆ ಏಳುವಾಗ ಕೋಣೆ ಸ್ವಲ್ಪ ಮುಗ್ಗಲು ಹೊಡೆಯುತ್ತಿತ್ತು, ಕಿಟಕಿಯ ಗಾಜಿನ ಮೇಲೆ ನೀರು ಕಟ್ಟಿತ್ತು. ಚಳಿ ದೇಶವಲ್ಲವೇ ಎಂದುಕೊಂಡೆ.

ಮೂರನೆಯ ದಿನ, ತರಗತಿ ಮತ್ತು ಬಟ್ಟೆ ಒಗೆಯುವ ಕೋಣೆ

ತಿಮೊ ಹಲಗೆಯ ಮೇಲೆ ಒಂದು ಮನೆ ಬರೆದರು. ಎರಡು ಬಾಣ ಒಳಗೆ, ಎರಡು ಬಾಣ ಹೊರಗೆ.

"ಒಳಗೆ ಬರುವಷ್ಟು, ಹೊರಗೆ ಹೋಗುವಷ್ಟು. ಎರಡೂ ಸರಿಸಮ ಇರಬೇಕು. ಒಳಗೆ ಬರುವ ದಾರಿ ಕಟ್ಟಿಕೊಂಡರೆ ಏನಾಗುತ್ತದೆ? ಪೆಟ್ಟಿಗೆ ಹೊರಗೆ ಎಳೆಯುತ್ತಲೇ ಇರುತ್ತದೆ. ಮನೆಗೆ ಗಾಳಿ ಬೇಕು. ಎಲ್ಲಿಂದಾದರೂ ಎಳೆದುಕೊಳ್ಳುತ್ತದೆ. ಮೊದಲು ಎಲ್ಲಿಂದ?"

ಎಸ್ಟೋನಿಯಾದವರು ಚಿಮಣಿಯಿಂದ ಎಂದರು. ತಿಮೊ ಮನೆಯ ಮೇಲೆ ಒಂದು ಚಿಮಣಿ ಬರೆದು, ಅದರಿಂದ ಕೆಳಕ್ಕೆ ಒಂದು ಬಾಣ ಎಳೆದರು.

ಹೆಲ್ಮಿಯವರ ಮನೆಗೆ ಗಾಳಿ ಒಳಬರುವ ಬಾಯಿಗಳು ಎರಡೇ. ಒಂದು ಅವರ ಕೋಣೆಯಲ್ಲಿ. ಇನ್ನೊಂದರಲ್ಲಿ ದೊಡ್ಡಮ್ಮನ ಟವಲ್ಲು.

"ಕಟ್ಟಿಕೊಳ್ಳಲು ಸಾಮಾನ್ಯ ಕಾರಣ, ಮನೆಯವರು ಚಳಿಗೆ ಬಟ್ಟೆ ತುರುಕುವುದು. ಅವರಿಗೆ ಗೊತ್ತಿರುವುದಿಲ್ಲ, ಪಾಪ. ಮೆಕ್ಯಾನಿಕ್ ಯಾರೂ ಹಾಗೆ ಮಾಡುವುದಿಲ್ಲ" ಎಂದರು ತಿಮೊ. ಪೋಲೆಂಡಿನವರು ನಕ್ಕರು. ನಾನೂ ನಕ್ಕೆ, ಅವರಿಗಿಂತ ಸ್ವಲ್ಪ ಹೆಚ್ಚು ಹೊತ್ತು.

ಊಟದ ಹೊತ್ತಿಗೆ ಓಡಿಹೋಗಿ ಟವಲ್ಲು ಕಿತ್ತುಬಿಡೋಣವೆಂದು ಲೆಕ್ಕ ಹಾಕಿದ್ದೆ. ಆಗಲಿಲ್ಲ. ಪರೀಕ್ಷೆ ಅವತ್ತೇ ಮಧ್ಯಾಹ್ನ, ಅವರವರು ಉಳಿದುಕೊಂಡ ಮನೆಯ ಪೆಟ್ಟಿಗೆಯ ಮೇಲೆಯೇ. ಹೆಲ್ಮಿಯವರು ಬೆಳಿಗ್ಗೆ ಫೋನು ಮಾಡಿ ಹೊಗೆಯ ವಿಷಯ ತಿಳಿಸಿದ್ದರಿಂದ ಮೊದಲ ಪರೀಕ್ಷೆ ನನ್ನದೇ. ತಿಮೊ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ನೇರ ಹೆಲ್ಮಿಯವರ ಬಟ್ಟೆ ಒಗೆಯುವ ಕೋಣೆಗೆ ಕರೆದೊಯ್ದರು.

ಕೆಲಸವನ್ನು ಚೆನ್ನಾಗಿಯೇ ಮಾಡಿದೆ. ಕರೆಂಟು ತೆಗೆದೆ. ಬಾಗಿಲು ಬಿಚ್ಚಿದೆ. ಹಳೆಯ ಫಿಲ್ಟರು ಎರಡನ್ನೂ ಎಳೆದೆ.

"ಆರು ತಿಂಗಳ ಕೊಳೆ" ಎಂದು ತಿಮೊ ಮುಖ ಹಿಂಡಿದರು.

ಹೆಬ್ಬಾಳದ ಫ್ಲೈಓವರಿನ ಕೆಳಗೆ ಅದು ಒಂದು ಮಧ್ಯಾಹ್ನದ ಕೊಳೆ. ನಾನು ಅದನ್ನು ಝಾಡಿಸಿ ತೊಳೆಯಲು ನಲ್ಲಿಯ ಕಡೆ ಹೊರಟಿದ್ದೆ, ತಿಮೊ ಮೆಲ್ಲಗೆ ಕೈಯಿಂದ ತೆಗೆದುಕೊಂಡು ಕಸದ ಬುಟ್ಟಿಗೆ ಹಾಕಿದರು. ನೋಡಲು ಸಂಕಟವಾಯಿತು. ನಮ್ಮ ಅಂಗಡಿಯಲ್ಲಿ ಅಂಥ ಫಿಲ್ಟರು ಇನ್ನೂ ಐದು ವರ್ಷ ಬಾಳುತ್ತಿತ್ತು. ಆಮೇಲೆ ಕಾವು ದಾಟಿಸುವ ತಗಡಿನ ಗಟ್ಟಿಯನ್ನು ಹೊರಗೆಳೆದು, ಬಚ್ಚಲಿನಲ್ಲಿ ಉಗುರುಬೆಚ್ಚಗಿನ ನೀರಿಗೆ ಹಿಡಿದು, ಮಗುವಿಗೆ ಎರೆದ ಹಾಗೆ ಎರೆದೆ. ಫ್ಯಾನಿನ ರೆಕ್ಕೆಗಳ ಧೂಳನ್ನು ಬ್ರಷ್ಷಿನಿಂದ ತೆಗೆದೆ. ನೀರು ಇಳಿಯುವ ಪೈಪಿಗೆ ಬಾಯಿ ಇಟ್ಟು ಊದಿದೆ. ತಿಮೊ ಗಾಬರಿಯಾದರು, ಆದರೆ ಪೈಪು ತೆರವಾಯಿತು. ಹೊಸ ಫಿಲ್ಟರು ಬಾಣದ ಗುರುತು ನೋಡಿ ಕೂರಿಸಿದೆ, ಬಾಗಿಲು ಹಾಕಿದೆ, ಕರೆಂಟು ಕೊಟ್ಟೆ.

ಉಳಿದದ್ದು ಗಾಳಿಬಾಯಿಗಳನ್ನು ಅಳೆಯುವುದು. ಅಷ್ಟರಲ್ಲಿ ಹೆಲ್ಮಿಯವರು ಕಾಫಿಗೆ ಕರೆದರು. ಆ ದೇಶದಲ್ಲಿ ಕಾಫಿಗೆ ಕರೆದರೆ ಯಮನೂ ಕೂತು ಕುಡಿದೇ ಮುಂದಿನ ಕೆಲಸಕ್ಕೆ ಹೋಗಬೇಕು. ತಿಮೊ ಕೂತರು. ನಾನು ಕೈ ತೊಳೆದು ಬರುತ್ತೇನೆಂದು ನನ್ನ ಕೋಣೆಗೆ ನುಗ್ಗಿ, ಮಂಚ ಹತ್ತಿ, ಟವಲ್ಲು ಕಿತ್ತು, ಶರ್ಟಿನೊಳಗೆ ಹೊಟ್ಟೆಗೆ ಸುತ್ತಿಕೊಂಡು, ಸ್ವೆಟರು ಎಳೆದುಕೊಂಡು, ಬಂದು ಕಾಫಿ ಕುಡಿದೆ.

ತಿಮೊ ಲಾಳಿಕೆಯಂಥ ಮೀಟರನ್ನು ಒಂದೊಂದು ಬಾಯಿಗೂ ಹಿಡಿಸಿದರು. ಎಲ್ಲವೂ ಸರಿ. ನನ್ನ ಕೋಣೆಯದೂ ಸರಿ. ಪರೀಕ್ಷೆ ಮುಗಿದಿತ್ತು, ನಾನು ಗೆದ್ದಿದ್ದೆ. ಹೊಟ್ಟೆಯ ಮೇಲಿನ ಟವಲ್ಲು ಮಾತ್ರ ಬೆವರಿಗೆ ಕಚ್ಚತೊಡಗಿತ್ತು.

ತಿಮೊ ಫಾರಂ ತುಂಬಲು ಕೂತವರು ಬರೆಯದೆ ಪೆನ್ನು ಹಿಡಿದು ಯೋಚಿಸಿದರು.

"ಈಗ ಸರಿ ಇದೆ. ಆದರೆ ನಿನ್ನೆ ಹೊಗೆ ಬಂದದ್ದು ನಿಜ. ಹಾಗಾದರೆ ಒಳಗೆ ತಳ್ಳುವ ಮೋಟರು ಆಗಾಗ ಸೋಲುತ್ತಿದೆ. ಇವತ್ತು ಓಡುತ್ತದೆ, ನಾಳೆ ನಿಲ್ಲುತ್ತದೆ. ಇದಕ್ಕೆ ಬಿಡಿಭಾಗ ಈಗ ಸಿಗುವುದಿಲ್ಲ, ಪೆಟ್ಟಿಗೆಯನ್ನೇ ಬದಲಿಸಬೇಕು" ಎಂದರು. ಆಮೇಲೆ ಹೆಲ್ಮಿಯವರ ಕಡೆ ತಿರುಗಿ ಅವರ ಭಾಷೆಯಲ್ಲಿ ಅದನ್ನೇ ಹೇಳಿರಬೇಕು. ನನಗಾಗಿ ಮತ್ತೆ ಇಂಗ್ಲಿಷಿನಲ್ಲಿ, "ಬದಲಿಸುವವರೆಗೆ ಒಲೆ ಹಚ್ಚುವಂತಿಲ್ಲ. ಬೇಸಿಗೆಯವರೆಗೂ ಆಗಬಹುದು" ಎಂದರು.

ಹೆಲ್ಮಿಯವರು ಉಸಿರನ್ನು ಒಳಗೆಳೆದುಕೊಂಡು "ಯೋ" ಎಂದರು. ಈ ಸಲ ಕುರ್ಚಿ ಎಳೆದು ಕೊಡಬೇಕಾಗಿತ್ತು, ಆದರೆ ನನ್ನ ಕೈ ಸ್ವೆಟರಿನ ಮೇಲಿಂದ ಟವಲ್ಲನ್ನು ಹಿಡಿದುಕೊಂಡಿತ್ತು. ಅವರು ಎದ್ದು ಹೋಗಿ ಮೇಜಿನ ಮೇಲಿದ್ದ ಹಿಟ್ಟಿನ ಮುದ್ದೆಗೆ ಬಟ್ಟೆಯನ್ನು ಸರಿಯಾಗಿ ಮುಚ್ಚಿದರು. ಅದು ಮೊದಲೇ ಸರಿಯಾಗಿ ಮುಚ್ಚಿತ್ತು.

ನನಗೆ ಸಿಟ್ಟು ಬರುವ ವಿಷಯ ಒಂದೇ. ಚೆನ್ನಾಗಿ ಓಡುತ್ತಿರುವ ಮೋಟರನ್ನು ಕೆಟ್ಟಿದೆ ಎಂದು ಹೇಳಿ ಬಿಚ್ಚಿಸುವ ಮೆಕ್ಯಾನಿಕ್ಕು. ಯಶವಂತಪುರದಿಂದ ಯಲಹಂಕದವರೆಗೆ ಅಂಥವರು ಎಷ್ಟು ಮಂದಿ ಎಂದು ನನಗೆ ಗೊತ್ತು, ಅವರ ಹೆಸರು ಹಿಡಿದು ಬೈದಿದ್ದೇನೆ. ಈಗ ಆ ಸಾಲಿನಲ್ಲಿ ಸ್ವೆಟರು ಹಾಕಿಕೊಂಡು ನಾನು ನಿಂತಿದ್ದೆ. ಆ ಪೆಟ್ಟಿಗೆಯನ್ನು ಈಗಷ್ಟೇ ನನ್ನ ಕೈಯಾರೆ ತೊಳೆದಿದ್ದೆ, ಅದರ ಮೋಟರಿನಲ್ಲಿ ಒಂದು ಕೆಮ್ಮೂ ಇರಲಿಲ್ಲ. ವೈಟ್‌ಫೀಲ್ಡಿನ ಪಾರ್ಟಿ ಕಣ್ಣ ಮುಂದೆ ಬಂತು. ನಾಗರಾಜಣ್ಣನ ಮುಖವೂ ಬಂತು. ಅಷ್ಟರಲ್ಲಿ ತಿಮೊ ಫಾರಮ್ಮಿನ ಮೇಲೆ ಬರೆಯಲು ಶುರುಮಾಡಿದರು.

"ಸಾರ್, ಮೋಟರು ಸರಿ ಇದೆ" ಎಂದೆ. ಸ್ವೆಟರು ಎತ್ತಿ, ಶರ್ಟಿನ ಗುಂಡಿ ಬಿಚ್ಚಿ, ಹೊಟ್ಟೆಗೆ ಸುತ್ತಿದ್ದ ಟವಲ್ಲನ್ನು ಸುರುಳಿ ಸುರುಳಿಯಾಗಿ ಬಿಚ್ಚತೊಡಗಿದೆ. ಆ ಹೊತ್ತಿನಲ್ಲಿ ಅದು ನನಗೆ ನೆನಪಿದ್ದದ್ದಕ್ಕಿಂತ ಬಹಳ ಉದ್ದವಾಗಿತ್ತು. ಬಿಚ್ಚಿ ಮೇಜಿನ ಮೇಲಿಟ್ಟು, ಚಾವಣಿಯ ಕಡೆ ಕೈ ತೋರಿಸಿದೆ.

ಇಬ್ಬರೂ ಚಾವಣಿಯನ್ನು ನೋಡಿದರು, ಆಮೇಲೆ ಟವಲ್ಲನ್ನು. ಮೊದಲು ಮಾತಾಡಿದ್ದು ಹೆಲ್ಮಿಯವರು.

"ಚಳಿ ಆಯಿತೇ?"

"ಚಳಿ ಅಲ್ಲ. ತಲೆಗೆ ಗಾಳಿ" ಎಂದು ನೆತ್ತಿಯ ಮೇಲೆ ಕೈ ಇಟ್ಟು ತೋರಿಸಿದೆ. "ನಮ್ಮ ದೊಡ್ಡಮ್ಮ ಹೇಳಿದ್ದರು."

ಅವರಿಗೆ ಏನು ಅರ್ಥವಾಯಿತೋ, ನನ್ನ ನೆತ್ತಿಯನ್ನು ಒಂದು ಕ್ಷಣ ಗಮನವಿಟ್ಟು ನೋಡಿದರು. ತಿಮೊ ಬರೆಯುತ್ತಿದ್ದ ಫಾರಮ್ಮನ್ನು ಅರ್ಧಕ್ಕೆ ಹರಿದರು.

"ಇವತ್ತಿನ ಪರೀಕ್ಷೆ ಆಗಲಿಲ್ಲ" ಎಂದರು. ದನಿಯಲ್ಲಿ ಕೋಪವಿರಲಿಲ್ಲ, ಬೇರೆ ಏನೂ ಇರಲಿಲ್ಲ. ಹೊಸ ಫಾರಂ ನನ್ನ ಮುಂದೆ ಇಟ್ಟರು. "ಟವಲ್ಲನ್ನು ಇದ್ದ ಹಾಗೆಯೇ ತುರುಕಿ. ಅಳೆಯಿರಿ. ಆಮೇಲೆ ತೆಗೆದು ಅಳೆಯಿರಿ. ಎರಡನ್ನೂ ಬರೆಯಿರಿ. ದೋಷ, ಕಾರಣ, ಮಾಡಿದ ಕೆಲಸ. ನಾನು ಹೋಗುತ್ತೇನೆ, ನಾಳೆ ತನ್ನಿ."

ಹಲ್ಲುಜ್ಜುವ ಬ್ರಷ್ಷು ಹಿಡಿದು ಮತ್ತೆ ಮಂಚ ಹತ್ತಿದೆ. ಹೆಲ್ಮಿಯವರು ಕೆಳಗೆ ನಿಂತು ಮೀಟರು ಹಿಡಿದು ಕೊಟ್ಟರು. ಕಾರಣ ಎಂಬ ಜಾಗದಲ್ಲಿ, "ಟವಲ್ಲು ಒಂದು. ತುರುಕಿದವನು ನಾನು. ಕಿತ್ತು ಮುಚ್ಚಿಟ್ಟವನೂ ನಾನು" ಎಂದು ಇಂಗ್ಲಿಷಿನಲ್ಲಿ ಬರೆದೆ. ನನ್ನ ಜೀವನದಲ್ಲಿ ಅಷ್ಟು ಶುದ್ಧ ಇಂಗ್ಲಿಷ್ ಬರೆದದ್ದಿಲ್ಲ.

ಆಮೇಲೆ ಹೆಲ್ಮಿಯವರು ಒಲೆ ಹಚ್ಚಿದರು. ಇಬ್ಬರೂ ಒಲೆಯ ಬಾಯಿ ನೋಡುತ್ತ ನಿಂತೆವು. ಹೊಗೆ ಮೊದಲು ಸ್ವಲ್ಪ ಅನುಮಾನಿಸಿತು, ಆಮೇಲೆ ಮೇಲಕ್ಕೆ ಹೋಯಿತು.

ಹೊರಡುವ ದಿನ

ತಿಮೊ ಫಾರಂ ಓದಿದರು. ಮತ್ತೊಮ್ಮೆ ಓದಿದರು. ಕೆಳಗೆ ಸಹಿ ಮಾಡಿದರು.

"ನಿಮ್ಮ ಕೈಕೆಲಸಕ್ಕೆ ನಿನ್ನೆಯೇ ಅಂಕ ಕೊಟ್ಟಿದ್ದೆ. ಅಳತೆಗೆ ಇವತ್ತು ಕೊಡುತ್ತೇನೆ. ನಾನು ಒಳ್ಳೆಯ ಮೋಟರನ್ನು ಕಿತ್ತು ಹಾಕಿಸುತ್ತಿದ್ದೆ. ಅದನ್ನು ನನ್ನ ಫಾರಮ್ಮಿನಲ್ಲಿ ನಾನು ಬರೆದಿದ್ದೇನೆ" ಎಂದರು. ಅವರಿಗೂ ಒಂದು ಫಾರಂ ಇರುತ್ತದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ನಮ್ಮ ಕಡೆ ಮೇಷ್ಟರು ತನ್ನ ತಪ್ಪನ್ನು ಬರೆದಿಡುವ ಫಾರಂ ನಾನು ಕಂಡಿಲ್ಲ.

ಸರ್ಟಿಫಿಕೇಟು ಕೈಗೆ ಬಂತು. ನನ್ನ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು, ತಿದ್ದಿಸಲು ಧೈರ್ಯವಾಗಲಿಲ್ಲ. ಹೊರಡುವಾಗ ತಿಮೊ ತಡೆದರು.

"ಒಂದು ಕೇಳಬಹುದೇ? ಆ ಟವಲ್ಲು ನಮಗೆ ಬಿಟ್ಟುಹೋಗುತ್ತೀರಾ? ಇಷ್ಟು ವರ್ಷ ಚಿತ್ರ ತೋರಿಸಿ ಪಾಠ ಮಾಡಿದ್ದೇನೆ. ಇಷ್ಟು ಚೆನ್ನಾಗಿ ಕಟ್ಟಿದ್ದನ್ನು ನಾನು ಯಾವತ್ತೂ ನೋಡಿಲ್ಲ."

ಕೊಟ್ಟೆ. ಆ ಕಂಪನಿಯ ತರಗತಿಯಲ್ಲಿ ಒಂದು ಮೊಳೆಗೆ ನಮ್ಮ ದೊಡ್ಡಮ್ಮನ ಕೆಂಪು ಚೌಕಳಿ ಟವಲ್ಲು ಈಗಲೂ ನೇತಾಡುತ್ತಿರಬೇಕು.

ಹೆಲ್ಮಿಯವರು ಅಕ್ಕನನ್ನು ನೋಡಿಕೊಂಡು ಬಂದಿದ್ದರು. ಅಕ್ಕ ಹೆಸರು ಹಿಡಿದು ಕರೆದಳೇ ಎಂದು ಕೇಳಿದೆ. "ಯೋ. ಎರಡು ಸಲ" ಎಂದರು, ಉಸಿರು ಒಳಗೆಳೆದುಕೊಂಡು. ನನಗೆ ತುಂಬ ಸಂತೋಷವಾಯಿತು, ಸರ್ಟಿಫಿಕೇಟಿಗೆ ಆದದ್ದಕ್ಕಿಂತ ಹೆಚ್ಚು ಎಂದು ಹೇಳಿದರೆ ನಾಗರಾಜಣ್ಣ ನಂಬುವುದಿಲ್ಲ. ಉಳಿದ ಬ್ರೆಡ್ಡನ್ನು ನಾನು ತಂದಿದ್ದ ಚಟ್ನಿಪುಡಿಯ ಜೊತೆ ಇಬ್ಬರೂ ತಿಂದೆವು. ಅವರಿಗೆ ಕಣ್ಣಲ್ಲಿ ನೀರು ಬಂತು, ಖಾರಕ್ಕೆ.

ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದಾಗ ಒಂದು ಕಾಗದದ ಪೊಟ್ಟಣ ಕೊಟ್ಟರು. ಒಳಗೆ ಬೂದು ಬಣ್ಣದ ಉಣ್ಣೆಯ ಟೋಪಿ, ಕಿವಿ ಮುಚ್ಚುವಂಥದ್ದು, ಗದ್ದದ ಕೆಳಗೆ ಕಟ್ಟಲು ಎರಡು ದಾರ. ತಾವೇ ಹೆಣೆದದ್ದು.

"ಇದು ತಲೆಗೆ" ಎಂದು ನನ್ನ ನೆತ್ತಿ ತೋರಿಸಿದರು. ಆಮೇಲೆ ಚಾವಣಿ ತೋರಿಸಿ ತಲೆ ಅಲ್ಲಾಡಿಸಿದರು.

ಅಲ್ಲಾಳಸಂದ್ರ, ಮೂರನೆಯ ಮಹಡಿ

ಬಂದು ಎರಡು ದಿನವಾಗಿರಲಿಲ್ಲ, ನಾಗರಾಜಣ್ಣನ ಫೋನು.

"ಬೇಗ ಬಾರೋ. ಅಮ್ಮನ ಮನೇಲಿ ಮೋರಿ ವಾಸ್ನೆ. ಬಾತ್‌ರೂಮ್ ಜಾಲರಿಯಿಂದ ಬರ್ತಾ ಐತೆ. ಆ ಬಾಕ್ಸು ಹೋಗೈತೆ ಅಂತಾರೆ ವೈಟ್‌ಫೀಲ್ಡ್‌ನೋರು, ಹೊಸಾದು ಹಾಕ್ಬೇಕಂತೆ."

"ಅವ್ರು ಬಿಚ್ಚಿ ನೋಡಿದ್ರಾ ಅಣ್ಣ?"

"ಇಲ್ಲ, ಫೋನಲ್ಲೇ ಹೇಳಿದ್ರು."

ಗಾಳಿಯ ದಾರಿ ಕಟ್ಟಿದರೆ, ಚಿಮಣಿ ಇಲ್ಲದ ಮನೆ ಮೋರಿಯಿಂದಲೇ ಎಳೆದುಕೊಳ್ಳುತ್ತದೆ. ನಾನು ಪೆಟ್ಟಿಗೆಯ ಹತ್ತಿರವೇ ಹೋಗಲಿಲ್ಲ. ಸ್ಟೂಲು ಎತ್ತಿಕೊಂಡು ನೇರ ದೊಡ್ಡಮ್ಮ ಮಲಗುವ ಕೋಣೆಗೆ ಹೋದೆ. ಮಂಚದ ಮೇಲಿನ ಗಾಳಿಬಾಯಿಯ ಸುತ್ತ ಒಂದು ಕೆಂಪು ಅಂಚು ಕಾಣುತ್ತಿತ್ತು. ಜೊತೆಯ ಎರಡನೆಯ ಟವಲ್ಲು. ಬಟ್ಟೆ ಒಣಹಾಕುವ ಕೋಲಿನಿಂದ ಸುತ್ತಲೂ ತುರುಕಿದ್ದಳು, ನನಗಿಂತಲೂ ಅಚ್ಚುಕಟ್ಟಾಗಿ. ಕೈಗುಣ ನಮ್ಮ ಮನೆತನದ್ದೇ ಇರಬೇಕು.

"ಕಿತ್ಬ್ಯಾಡ ಕಣೋ! ತಲೆಗ್ ಒಡೀತದೆ" ಎಂದು ದೊಡ್ಡಮ್ಮ ಸ್ಟೂಲಿನ ಕಾಲು ಹಿಡಿದುಕೊಂಡಳು.

ಇಂಥ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಗಿರಾಕಿಗೆ ಒಂದು ಭಾಷಣ ಕೊಡುತ್ತೇನೆ. ಈ ಸಲ ಬಾಯಿ ಬರಲಿಲ್ಲ. ಸ್ಟೂಲಿನಿಂದ ಇಳಿದು, ಬ್ಯಾಗಿನಿಂದ ಹೆಲ್ಮಿಯವರ ಟೋಪಿ ತೆಗೆದು ದೊಡ್ಡಮ್ಮನ ತಲೆಗೆ ಹಾಕಿ, ಗದ್ದದ ಕೆಳಗೆ ದಾರ ಕಟ್ಟಿದೆ. ಅವಳು ಕನ್ನಡಿ ನೋಡಿಕೊಂಡಳು. ಕಿವಿಯ ಭಾಗ ಒತ್ತಿ ನೋಡಿದಳು.

"ಬೆಚ್ಚಗೈತೆ. ಯಾರ್ ಕೊಟ್ಟಿದ್ದು?"

"ಅಲ್ಲಿ ಒಬ್ರು. ನಿನ್ನಂಗೇ ವಯಸ್ಸಾದೋರು. ಅವ್ರ ಮನೇಲೂ ಇದೇ ಮಷಿನ್ನು."

"ಅವ್ರೂ ಇಂಗೇ ಬಟ್ಟೆ ತುರುಕವ್ರಾ?"

"ಇಲ್ಲ ದೊಡ್ಡಮ್ಮ. ಅಲ್ಲಿ ನಾನೇ ತುರುಕ್ದೆ."

ದೊಡ್ಡಮ್ಮ ಟೋಪಿಯನ್ನು ಇನ್ನಷ್ಟು ಕೆಳಕ್ಕೆ ಎಳೆದುಕೊಂಡಳು. ಆಮೇಲೆ ಸ್ಟೂಲನ್ನು ತಾನೇ ನನ್ನ ಕಡೆ ತಳ್ಳಿದಳು. ಟವಲ್ಲು ಕಿತ್ತೆ, ಗಾಳಿ ಇಳಿಯಿತು, ಬಚ್ಚಲ ವಾಸನೆ ಕಾಫಿ ಮುಗಿಯುವಷ್ಟರಲ್ಲಿ ಹೋಯಿತು. ಫಾರಂ ತೆಗೆದು ಕೂತೆ. ಕಾರಣ ಎಂಬ ಜಾಗದಲ್ಲಿ "ಟವಲ್ಲು ಒಂದು" ಎಂದಷ್ಟೇ ಬರೆದು, ಗಿರಾಕಿಯ ಸಹಿಗೆ ಕೊಟ್ಟೆ. ಟೋಪಿ ಹಾಕಿಕೊಂಡೇ ದೊಡ್ಡಮ್ಮ ಒಂದೊಂದಾಗಿ ಅಕ್ಷರ ಕೂಡಿಸಿ ಹೆಸರು ಬರೆದಳು. ಕಿತ್ತ ಟವಲ್ಲನ್ನು ಝಾಡಿಸಿ, ಮಡಚಿ, ಬೀರುವಿನಲ್ಲಿಡಲು ಹೋದವಳು ನಿಂತಳು.

"ಇದ್ರ ಜೊತೇದೆಲ್ಲೋ?"

"ಅಲ್ಲೇ ಇಟ್ಕೊಂಡ್ರು. ಇಸ್ಕೂಲಲ್ಲಿ ಪಾಠ ಮಾಡಕ್ಕೆ ಬೇಕಂತೆ."

ದೊಡ್ಡಮ್ಮ ಸ್ವಲ್ಪ ಯೋಚಿಸಿ, ಕೈಯಲ್ಲಿದ್ದ ಟವಲ್ಲನ್ನು ನನ್ನ ಮಡಿಲಿಗೆ ಹಾಕಿದಳು.

"ಅಂಗಾದ್ರೆ ಇದುನ್ನೂ ಕಳ್ಸು. ಒಂದೇ ಟವಲ್ಲಲ್ಲಿ ಎಷ್ಟ್ ಜನ ಕಲೀತಾರೆ?"